ದವಡೆ ಸರ್ಜರಿಗೆ ಇನ್ಶೂರೆನ್ಸ್
ತಂಗಿಗೆ ಕೆಳದವಡೆ ಮುಂದೆ ಬಂದಿದೆ, ಸರ್ಜರಿ ಕವರ್ ಮಾಡೋ ಪಾಲಿಸಿ ಯಾವ್ದು ಅಂತ ಕೇಳಿದ್ರಲ್ಲ, ಹೊಸದು ತಗೊಳ್ಳೋಕೆ ಮುಂಚೆ ತಂಗಿ ಆಫೀಸಿನ ಗ್ರೂಪ್ ಪಾಲಿಸಿ ನೋಡಿ, ಯಾಕಂದ್ರೆ ನಾವೇ ತಗೊಳ್ಳೋ ಪಾಲಿಸಿಲಿ ಮೊದಲೇ ಇರೋ ತೊಂದರೆಗೆ 36 ತಿಂಗಳವರೆಗೂ ಕಾಯಿಸಬಹುದು, ಗ್ರೂಪಲ್ಲಿ ಎಷ್ಟೋ ಕಡೆ ಆ ವೇಟಿಂಗೇ ಇರಲ್ಲ. ಕಾಸ್ಮೆಟಿಕ್ ಇಲ್ಲಾ ಡೆಂಟಲ್ ಅಂತ ಹೇಳಿ ರಿಜೆಕ್ಟ್ ಮಾಡೋದೇ ಜಾಸ್ತಿ, ಹಂಗಾಗಿ ಸರ್ಜನ್ ಲೆಟರ್ ತುಂಬಾ ಮುಖ್ಯ. ಮುಂದಿನ ಹಲ್ಲಲ್ಲಿ ಚಪಾತಿ ಕಚ್ಚೋಕಾಗಲ್ಲ, ದವಡೆ ಕೀಲು ನೋವು, ನಿದ್ದೇಲಿ ಉಸಿರು ಕಟ್ಟೋದು, ನಿಜವಾಗ್ಲೂ ಏನೇನಿದೆಯೋ ಅದೆಲ್ಲ ಎಕ್ಸ್‌ರೇ, ಸ್ಲೀಪ್ ಸ್ಟಡಿ ಸಮೇತ ಅದ್ರಲ್ಲಿ ಬರಲಿ. ಡೇಟ್ ಫಿಕ್ಸ್ ಮಾಡೋ ಮುಂಚೆನೇ ಪ್ರೀ-ಆಥ್ (ಸರ್ಜರಿಗೆ ಮುಂಚೆ ಕಂಪನಿ ಒಪ್ಪಿಗೆ ಕೇಳೋ ಅರ್ಜಿ) ಕಳಿಸಿ, ಫೋನಲ್ಲಿ ಹೇಳಿದ್ದನ್ನ ನಂಬಬೇಡಿ, ಇಮೇಲಲ್ಲೇ ಉತ್ತರ ತಗೊಳ್ಳಿ. ಹಲ್ಲಿನ ಕ್ಲಿಪ್ ಖರ್ಚು ಸಾಮಾನ್ಯವಾಗಿ ಕೈಯಿಂದಲೇ. ರಿಜೆಕ್ಟ್ ಆದ್ರೂ ಬಿಡ್ಬೇಡಿ, ಕಂಪನಿಗೆ ಬರೆದು ದೂರು ಕೊಡಿ, 30 ದಿನದಲ್ಲಿ ಸರಿಹೋಗದಿದ್ರೆ ಇನ್ಶೂರೆನ್ಸ್ ಓಂಬುಡ್ಸ್‌ಮನ್ (ವಿಮೆ ದೂರು ಬಗೆಹರಿಸೋ ಅಧಿಕಾರಿ) ಹತ್ರ ಹೋಗಿ, ಫೀಸೇನೂ ಇಲ್ಲ.