ಇಂಗ್ಲೆಂಡಿನಲ್ಲಿ ಕೌನ್ಸಿಲ್ ಮನೆಗೆ ಬಿಡ್ ಮಾಡೋದು ಹೇಗೆ? ಮೊದಲು ಬಿಡ್ ಮಾಡಿದವರಿಗೆ ಮನೆ ಸಿಗುತ್ತಾ?

ನಿಮ್ಮ ಪ್ರಶ್ನೆ ಓದುತ್ತಾ ಹೋದ ಹಾಗೆ ಕೌನ್ಸಿಲ್ ಮನೆಗಾಗಿ, ಅಂದರೆ ಸ್ಥಳೀಯ ಆಡಳಿತ ಕಮ್ಮಿ ಬಾಡಿಗೆಗೆ ಕೊಡುವ ಮನೆಗಾಗಿ, ನಾನು ಕಾದ ನಾಲ್ಕು ವರ್ಷ ಕಣ್ಮುಂದೆ ಬಂತು. ನಿಮ್ಮದು ಒಂದೇ ಬೆಡ್‌ರೂಮಿನ ಬಾಡಿಗೆ ಮನೆ, ಎಂಟು ವರ್ಷದ ಮಗಳು, ಐದು ವರ್ಷದ ಮಗ, ಬ್ಯಾಂಡ್ ಸಿ (ಬ್ಯಾಂಡ್ ಅಂದರೆ ಮನೆಯ ಅಗತ್ಯ ಎಷ್ಟು ಅಂತ ನೋಡಿ ಕೌನ್ಸಿಲ್ ಕೊಡುವ ದರ್ಜೆ). ವಾರ ವಾರ ಬಿಡ್ ಮಾಡುತ್ತಿದ್ದೀರಿ, ಒಂದು ಸಲವೂ ನಿಮ್ಮ ಸ್ಥಾನ ನೂರರ ಒಳಗೆ ಬಂದಿಲ್ಲ. ಖಾಲಿ ಮನೆಗಳ ಲಿಸ್ಟ್ ಬಂದ ತಕ್ಷಣ ಎಲ್ಲರಿಗಿಂತ ಮೊದಲು ಬಿಡ್ ಮಾಡಿದರೆ ಸಿಗುತ್ತಾ ಅಂತ ಕೇಳಿದ್ದೀರಿ. ಪರಿಚಯದವರೊಬ್ಬರು ದುಡ್ಡು ಕೊಟ್ಟರೆ ಮಾಡಿಸಿಕೊಡುತ್ತೇನೆ ಅನ್ನುತ್ತಿದ್ದಾರೆ, ಕೊಡಬಹುದಾ ಅಂತಲೂ ಕೇಳಿದ್ದೀರಿ.

ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಒಂದು ಪೌಂಡೂ ಕೊಡಬೇಡಿ. ಅರ್ಜಿ ಹಾಕೋದಕ್ಕೂ ದುಡ್ಡಿಲ್ಲ, ಬಿಡ್ ಮಾಡೋದಕ್ಕೂ ದುಡ್ಡಿಲ್ಲ. ಹೊರಗಿನವರು ಯಾರೂ ನಿಮ್ಮನ್ನು ಮುಂದಕ್ಕೆ ತಳ್ಳಲು ಆಗೋದಿಲ್ಲ. ನಿಮ್ಮ ಲಾಗಿನ್ ಕೂಡ ಅವರ ಕೈಗೆ ಕೊಡಬೇಡಿ.

ಇನ್ನು ಬಿಡ್ ವಿಷಯ. ಈ ಪದವೇ ನಮ್ಮ ದಾರಿ ತಪ್ಪಿಸುತ್ತದೆ. ನಮ್ಮ ಕಡೆ ಬಿಡ್ ಅಂದರೆ ಚೀಟಿ ಕೂಗೋದು, ಇಲ್ಲಾ ಹರಾಜು ಕೂಗೋದು. ಎರಡರಲ್ಲೂ ದುಡ್ಡಿನದೇ ಮಾತು. ಇಲ್ಲಿ ಬಿಡ್ ಅಂದರೆ ‘ಈ ಮನೆ ನನಗೆ ಬೇಕು’ ಅಂತ ಹೆಸರು ಕೊಡೋದು, ಅಷ್ಟೇ. ಮೊದಲೆಲ್ಲ ಕೌನ್ಸಿಲ್ ಅಧಿಕಾರಿಯೇ ಪಟ್ಟಿ ನೋಡಿ ಇಂಥವರಿಗೆ ಇಂಥ ಮನೆ ಅಂತ ಕೊಡುತ್ತಿದ್ದರು. ನೆದರ್ಲೆಂಡ್ಸಿನ ಡೆಲ್ಫ್ಟ್ ಊರಿನಲ್ಲಿ ಶುರುವಾದ ಪದ್ಧತಿಯನ್ನು ನೋಡಿಕೊಂಡು 2001ರ ಹೊತ್ತಿಗೆ ಇಂಗ್ಲೆಂಡಿನಲ್ಲೂ ಪ್ರಯೋಗ ಮಾಡಿದರು. ಖಾಲಿ ಮನೆಗಳ ಜಾಹೀರಾತು ಹಾಕೋದು, ಬೇಕಾದವರು ಹೆಸರು ಕೊಡೋದು. ಆದರೆ ಹೆಸರು ಕೊಟ್ಟವರಲ್ಲಿ ಯಾರಿಗೆ ಅನ್ನೋದನ್ನು ತೀರ್ಮಾನಿಸೋದು ನಿಮ್ಮ ಬ್ಯಾಂಡ್. ಒಂದೇ ಬ್ಯಾಂಡಿನವರು ಸುಮಾರು ಜನ ಇದ್ದರೆ ಯಾರ ತಾರೀಖು (ಅರ್ಜಿ ಹಾಕಿದ ಅಥವಾ ಆ ಬ್ಯಾಂಡಿಗೆ ಸೇರಿದ ದಿನ) ಹಳೆಯದೋ ಅವರು ಮುಂದೆ. ಕೆಲವು ಕೌನ್ಸಿಲ್‌ಗಳಲ್ಲಿ ಬ್ಯಾಂಡ್ ಬದಲು ಪಾಯಿಂಟ್ಸ್ ಇರುತ್ತದೆ.

ಹಾಗಾಗಿ ಗಡುವಿನ ಒಳಗೆ ಯಾವಾಗ ಬಿಡ್ ಮಾಡಿದರೂ ಒಂದೇ. ನಾನು ಮೊದಮೊದಲು ಬುಧವಾರ ರಾತ್ರಿ ಹನ್ನೆರಡಕ್ಕೆ ಅಲಾರಂ ಇಟ್ಟುಕೊಂಡು ಏಳುತ್ತಿದ್ದೆ. ನಮ್ಮ ಕೌನ್ಸಿಲಿನ ಲಿಸ್ಟ್ ಆಗ ಬರುತ್ತಿತ್ತು. ಕತ್ತಲಲ್ಲಿ ಮಕ್ಕಳ ಪಕ್ಕ ಮಲಗಿಕೊಂಡೇ ಫೋನಿನಲ್ಲಿ ಬಿಡ್ ಮಾಡಿದರೆ ‘ನಿಮ್ಮ ಸ್ಥಾನ 6’ ಅಂತ ತೋರಿಸುತ್ತಿತ್ತು. ಎಷ್ಟು ಖುಷಿ! ಭಾನುವಾರದ ಹೊತ್ತಿಗೆ ಅದೇ ಮನೆಗೆ 190. ಆರಕ್ಕೆ ಅರ್ಥವೇ ಇರಲಿಲ್ಲ, ಉಳಿದವರು ಇನ್ನೂ ಬಿಡ್ ಮಾಡಿರಲಿಲ್ಲ ಅಷ್ಟೇ. ನೋಡಬೇಕಾದದ್ದು ಕೊನೆ ದಿನದ ಸ್ಥಾನವನ್ನು.

ಇನ್ನೊಂದು ತಪ್ಪು ಕಲ್ಪನೆ ನಮ್ಮವರಲ್ಲಿ ಜಾಸ್ತಿ. ಬಿಡಿಎ ಸೈಟಿಗೆ ಅರ್ಜಿ ಹಾಕುವಾಗ ‘ಇದು ನಾಲ್ಕನೇ ಅಟೆಂಪ್ಟ್’ ಅಂತ ಲೆಕ್ಕ ಇಡುತ್ತಿದ್ದರಲ್ವಾ? ಹಿಂದೆ ಸಿಗದೇ ಹೋದದ್ದಕ್ಕೆ ಅಲ್ಲಿ ಬೆಲೆ ಇತ್ತು. ಇಲ್ಲಿ ಹಾಗಿಲ್ಲ. ನೂರು ಸಲ ಬಿಡ್ ಮಾಡಿ ಸಿಗದಿದ್ದರೂ ಅದಕ್ಕೆ ಅಂತ ಒಂದು ಮೆಟ್ಟಿಲೂ ಮೇಲೆ ಹೋಗೋದಿಲ್ಲ.

ಆದ್ದರಿಂದ ನಿಮ್ಮ ಶಕ್ತಿಯನ್ನೆಲ್ಲ ಬಿಡ್ ಮಾಡೋದಕ್ಕಲ್ಲ, ನಿಮ್ಮ ಬ್ಯಾಂಡ್ ಸರಿಯಾಗಿದೆಯಾ ಅಂತ ನೋಡೋದಕ್ಕೆ ಹಾಕಿ. ನನಗೆ ಈ ಮಾತನ್ನು ಆಗ ಯಾರೂ ಹೇಳಲಿಲ್ಲ. ಎರಡು ವರ್ಷ ಸುಮ್ನೆ ಹೋಯಿತು.

1996ರ ಹೌಸಿಂಗ್ ಆಕ್ಟ್ ಪ್ರಕಾರ ಕೆಲವರಿಗೆ ಕೌನ್ಸಿಲ್ ಆದ್ಯತೆ ಕೊಡಲೇಬೇಕು. ಮನೆ ಇಲ್ಲದವರು, ಇಕ್ಕಟ್ಟಿನಲ್ಲಿ ಅಥವಾ ಆರೋಗ್ಯಕ್ಕೆ ಕೆಟ್ಟ ಮನೆಯಲ್ಲಿ ಇರುವವರು, ಕಾಯಿಲೆ ಅಥವಾ ಅಂಗವೈಕಲ್ಯದಿಂದ ಮನೆ ಬದಲಿಸಲೇಬೇಕಾದವರು, ಒಂದು ನಿರ್ದಿಷ್ಟ ಜಾಗಕ್ಕೆ ಹೋಗದಿದ್ದರೆ ಕಷ್ಟಕ್ಕೆ ಸಿಕ್ಕುವವರು. 2011ರ ಲೋಕಲಿಸಂ ಆಕ್ಟ್ ಬಂದ ಮೇಲೆ ಯಾರು ಪಟ್ಟಿಗೆ ಸೇರಬಹುದು ಅನ್ನೋದನ್ನು ಬಹುಪಾಲು ಆಯಾ ಕೌನ್ಸಿಲೇ ತೀರ್ಮಾನಿಸುತ್ತದೆ. ಇಷ್ಟು ವರ್ಷ ಇದೇ ಊರಲ್ಲಿ ಇದ್ದಿರಬೇಕು ಅನ್ನೋ ನಿಯಮವನ್ನು ಕೌನ್ಸಿಲ್‌ಗಳು ಈಗ ಹಾಕೋದು ಅದರ ಆಧಾರದ ಮೇಲೆ. ನಿಮ್ಮ ಕೌನ್ಸಿಲಿನ ‘ಅಲೊಕೇಶನ್ಸ್ ಪಾಲಿಸಿ’ (ಯಾರಿಗೆ ಹೇಗೆ ಮನೆ ಕೊಡುತ್ತಾರೆ ಅನ್ನೋ ನಿಯಮಗಳು) ಅವರ ವೆಬ್‌ಸೈಟಿನಲ್ಲೇ ಇರುತ್ತದೆ. ಉದ್ದ ಇದೆ, ಬೇಜಾರಾಗುತ್ತದೆ, ಆದರೂ ಒಂದು ಸಂಜೆ ಕೂತು ಓದಿ.

ನನ್ನ ಮಗನಿಗೆ ಅಸ್ತಮಾ. ಆ ಹಳೆ ಮನೆಯಲ್ಲಿ ಮಂಚದ ಹಿಂದಿನ ಗೋಡೆ ಪೂರ್ತಿ ಕಪ್ಪು ಬೂಷ್ಟು. ಶನಿವಾರ ಬ್ಲೀಚ್ ಹಾಕಿ ಒರೆಸಿದರೆ ಮುಂದಿನ ಶನಿವಾರಕ್ಕೆ ಮತ್ತೆ ಹಾಜರ್. ಜಿಪಿ, ಅಂದರೆ ನಮ್ಮ ಫ್ಯಾಮಿಲಿ ಡಾಕ್ಟರ್ ಹತ್ತಿರ ಪತ್ರ ಬರೆಸಿಕೊಂಡು ಕೌನ್ಸಿಲಿಗೆ ಕಳಿಸಿದೆ. ‘ಈ ಮಗುವಿಗೆ ಅಸ್ತಮಾ ಇದೆ’ ಅಂತ ಒಂದೇ ಸಾಲು ಇತ್ತು. ಅದನ್ನು ತಿರಸ್ಕರಿಸಿದರು. ಅಡ್ವೈಸ್ ಸೆಂಟರಿನಲ್ಲಿ ಒಬ್ಬ ಹಿರಿಯ ಹೆಂಗಸು ಕೂರಿಸಿಕೊಂಡು ವಿವರಿಸಿದರು: ಕಾಯಿಲೆ ಇದೆ ಅನ್ನೋದು ಸಾಲದು, ಈ ಮನೆಯಿಂದ ಆ ಕಾಯಿಲೆ ಹೇಗೆ ಜಾಸ್ತಿಯಾಗುತ್ತಿದೆ, ಬೇರೆ ಮನೆಗೆ ಹೋದರೆ ಏನು ಬದಲಾಗುತ್ತದೆ ಅನ್ನೋದು ಬರಬೇಕು. ಮರುಪರಿಶೀಲನೆ ಕೇಳಿದೆ. ಈ ಸಲ ಅಸ್ತಮಾ ನರ್ಸ್ ಬರೆದ ಪತ್ರ, ಮೂರು ಸಲ ಎಮರ್ಜೆನ್ಸಿಗೆ ಹೋದ ಕಾಗದಗಳು, ತಾರೀಖಿನ ಸಮೇತ ಗೋಡೆಯ ಫೋಟೋಗಳು. 2016ರಲ್ಲಿ ಬ್ಯಾಂಡ್ ಬಿ ಆಯಿತು. ಆ ವಾರವೇ ನನ್ನ ಸ್ಥಾನ ಮೂವತ್ತರ ಹತ್ತಿರ ಬಂತು. ಹಿಂದಿನ ಎರಡು ವರ್ಷದಲ್ಲಿ ಆಗದೇ ಇದ್ದದ್ದು ಒಂದು ಕವರಿನಿಂದ ಆಯಿತು.

ಅಂದ ಹಾಗೆ, ಬ್ಯಾಂಡ್ ಮೇಲೆ ಹೋದಾಗ ತಾರೀಖು ಹೊಸದಾಗಿ ಶುರುವಾಗುವ ಕೌನ್ಸಿಲ್‌ಗಳು ತುಂಬಾ ಇವೆ. ನನಗೂ ಹಾಗೇ ಆಯಿತು, 2014ರ ತಾರೀಖು ಹೋಗಿ 2016 ಬಂತು. ಆದ್ದರಿಂದ ಮನೆಯಲ್ಲಿ ಏನೇ ಬದಲಾದರೂ ಅವತ್ತೇ ತಿಳಿಸಿ. ಆಮೇಲೆ ನೋಡೋಣ ಅಂದರೆ ಅಷ್ಟು ತಿಂಗಳು ಹೋದ ಹಾಗೆ. ವರ್ಷಕ್ಕೊಮ್ಮೆ ಅರ್ಜಿ ನವೀಕರಿಸಿ ಅಂತ ಈಮೇಲ್ ಕಳಿಸುವ ಕೌನ್ಸಿಲ್‌ಗಳೂ ಇವೆ. ಅದು ಸ್ಪ್ಯಾಮ್‌ಗೆ ಹೋಗಿ, ಅರ್ಜಿಯೇ ರದ್ದಾಗಿ ಅತ್ತವರನ್ನು ನಾನು ನೋಡಿದ್ದೇನೆ.

ವೀಸಾ ಬಗ್ಗೆ ನೀವು ಏನೂ ಬರೆದಿಲ್ಲ. ಪಟ್ಟಿಗೆ ಸೇರಿಸಿಕೊಂಡಿದ್ದಾರೆ ಅಂದರೆ ನಿಮಗೆ ಐಎಲ್‌ಆರ್ (ಇಲ್ಲೇ ಖಾಯಂ ಇರುವ ಅನುಮತಿ) ಅಥವಾ ಬ್ರಿಟಿಷ್ ಪಾಸ್‌ಪೋರ್ಟ್ ಇರಬೇಕು ಅಂದುಕೊಳ್ಳುತ್ತೇನೆ. ಇದನ್ನು ಓದುವ ಬೇರೆಯವರಿಗಾಗಿ ಹೇಳುತ್ತೇನೆ: ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಇರುವವರು ಅರ್ಜಿ ಹಾಕಲೇಬೇಡಿ. ಆ ವೀಸಾದ ‘ಪಬ್ಲಿಕ್ ಫಂಡ್ಸ್ ಇಲ್ಲ’ (ಸರ್ಕಾರದ ನೆರವು ಪಡೆಯುವಂತಿಲ್ಲ) ಅನ್ನೋ ಷರತ್ತಿನಲ್ಲಿ ಕೌನ್ಸಿಲ್ ಮನೆಯೂ ಬರುತ್ತದೆ, ಮುಂದೆ ವೀಸಾಗೇ ತೊಂದರೆ.

ಈಗ ಜಾಹೀರಾತು ಓದೋದು. ಫೋಟೋ ನೋಡಿ ಬಿಡ್ ಮಾಡಬೇಡಿ. ಎಷ್ಟನೇ ಮಹಡಿ, ಲಿಫ್ಟ್ ಇದೆಯಾ, ವಯಸ್ಸಾದವರಿಗೆ ಮಾತ್ರವಾ, ವೀಲ್‌ಚೇರ್ ಬಳಸುವವರಿಗೆ ಮಾತ್ರವಾ ನೋಡಿ. ಬಾಡಿಗೆ ‘ಸೋಶಿಯಲ್ ರೆಂಟ್’ ಅಂತ ಇದೆಯಾ, ‘ಅಫೋರ್ಡಬಲ್ ರೆಂಟ್’ ಅಂತ ಇದೆಯಾ ನೋಡಿ. ಎರಡನೆಯದರ ಹೆಸರು ಕೇಳಿ ಅಗ್ಗ ಅಂದುಕೊಳ್ಳಬೇಡಿ. ಅದು ಮಾರುಕಟ್ಟೆ ಬಾಡಿಗೆಯ ಶೇಕಡಾ 80ರವರೆಗೂ ಇರಬಹುದು. ಲಿಫ್ಟ್ ಇಲ್ಲದ ಮೂರನೇ ಮಹಡಿ, ರೈಲು ಹಳಿ ಪಕ್ಕದ ಮನೆ, ಇಂಥವಕ್ಕೆ ಬಿಡ್ ಕಮ್ಮಿ. ನಿಮಗೆ ನಿಜವಾಗಿ ಇರಲು ಆಗುತ್ತದೆ ಅಂದರೆ ಅಲ್ಲಿ ನಿಮ್ಮ ಸ್ಥಾನ ಮೇಲೆ ಬರುತ್ತದೆ. ಆಗೋದಿಲ್ಲ ಅಂದರೆ ಬಿಡ್ ಮಾಡಲೇಬೇಡಿ. ಮನೆ ಕೊಟ್ಟಾಗ ಬೇಡ ಅಂದರೆ ಕೆಲವು ಕಡೆ ಬ್ಯಾಂಡ್ ಇಳಿಸುತ್ತಾರೆ, ಕೆಲವು ಕಡೆ ಸ್ವಲ್ಪ ಕಾಲ ಬಿಡ್ ಮಾಡಲು ಬಿಡೋದಿಲ್ಲ. ಹಿಂದಿನ ವಾರದ ಮನೆಗಳು ಯಾವ ಬ್ಯಾಂಡಿಗೆ, ಯಾವ ತಾರೀಖಿಗೆ ಹೋದವು ಅನ್ನೋ ಫಲಿತಾಂಶವನ್ನೂ ಸಾಮಾನ್ಯವಾಗಿ ಹಾಕಿರುತ್ತಾರೆ. ಎರಡು ತಿಂಗಳಿನದು ಬರೆದಿಟ್ಟುಕೊಳ್ಳಿ. ನಿಮ್ಮಂಥವರಿಗೆ ಎಲ್ಲಿ ಸಿಗುತ್ತಿದೆ ಅಂತ ಅದರಿಂದಲೇ ಗೊತ್ತಾಗುತ್ತದೆ.

ನನಗೆ ಸಿಕ್ಕ ಮನೆ ಹಾಗೆ ಯಾರಿಗೂ ಅಷ್ಟಾಗಿ ಬೇಡವಾದದ್ದೇ. 2018ರ ಫೆಬ್ರವರಿ. ನೋಡಲು ಐದು ಕುಟುಂಬಗಳನ್ನು ಒಂದೇ ಹೊತ್ತಿಗೆ ಕರೆದಿದ್ದರು. ನಾನು ಮೂರನೆಯವಳು. ಮೆಟ್ಟಿಲ ಮೇಲೆ ಸಾಲಾಗಿ ನಿಂತಿದ್ದೆವು, ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎರಡನೆಯವರು ಬರಲೇ ಇಲ್ಲ. ಮೊದಲನೆಯ ಹುಡುಗಿ ಪುಟ್ಟ ಕೂಸನ್ನು ಎತ್ತಿಕೊಂಡು, ಪ್ರಾಮ್ ಕೆಳಗೇ ಬಿಟ್ಟು ಬಂದಿದ್ದಳು. ಮೂರು ಮಹಡಿ ಹತ್ತಿ ಬಂದು ಏದುಸಿರು ಬಿಡುತ್ತಾ ಆಗಲ್ಲ ಅಂದಳು. ಅವಳ ಬಗ್ಗೆ ಇವತ್ತಿಗೂ ಯೋಚಿಸುತ್ತೇನೆ. ನಾನು ಅಲ್ಲೇ ಹೂಂ ಅಂದೆ.

ಒಳಗೆ ಏನೂ ಇರಲಿಲ್ಲ. ಕೌನ್ಸಿಲ್ ಮನೆ ಅಂದರೆ ಸಾಮಾನ್ಯವಾಗಿ ನಾಲ್ಕು ಗೋಡೆ ಮಾತ್ರ. ಕಾರ್ಪೆಟ್ ಕಿತ್ತಿದ್ದರು, ನೆಲದ ಮೇಲೆ ಗೋಂದಿನ ಕಲೆ, ಸ್ಟೌ ಇರಬೇಕಾದ ಕಡೆ ಬಾಯಿ ಮುಚ್ಚಿದ ಗ್ಯಾಸ್ ಪೈಪ್. ಗೆಳತಿಯ ಇಂಡಕ್ಷನ್ ಒಲೆ ತಂದು ನೆಲದ ಮೇಲೇ ಇಟ್ಟು ಹಾಲು ಉಕ್ಕಿಸಿದೆ. ನೀವು ಈಗಿನಿಂದಲೇ ಕಾರ್ಪೆಟ್ಟು, ಸ್ಟೌಗೆ ಅಂತ ಕೈಲಾದಷ್ಟು ತೆಗೆದಿಡಿ. ಮನೆ ಸಿಕ್ಕ ಮೇಲೆ ಕೀ ತೆಗೆದುಕೊಳ್ಳಲು ತುಂಬಾ ದಿನ ಕೊಡೋದಿಲ್ಲ.

ಈ ನಡುವೆ ನಿಮ್ಮ ಓನರ್ ಮನೆ ಖಾಲಿ ಮಾಡಿ ಅಂದರೆ ಗಾಬರಿಯಾಗಿ ಹೊರಗೆ ಬರಬೇಡಿ. ನೋಟಿಸ್ ಹಿಡಿದು ಅವತ್ತೇ ಕೌನ್ಸಿಲಿಗೆ ಹೋಗಿ. 2018ರ ಏಪ್ರಿಲಿನಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ, 56 ದಿನದ ಒಳಗೆ ಮನೆ ಕಳೆದುಕೊಳ್ಳುವ ಸ್ಥಿತಿ ಇದ್ದರೆ ಅವರು ಸಹಾಯ ಮಾಡಬೇಕು. ನೀವಾಗಿಯೇ ಬಿಟ್ಟು ಬಂದರೆ ಬೇಕೂಂತ ಮನೆ ಕಳೆದುಕೊಂಡಿರಿ ಅಂತ ಬರೆದುಬಿಡಬಹುದು. ಶೆಲ್ಟರ್, ಸಿಟಿಜನ್ಸ್ ಅಡ್ವೈಸ್ ಅನ್ನೋ ಎರಡೂ ಸೇವಾ ಸಂಸ್ಥೆಗಳು ಪುಕ್ಕಟೆ ಸಲಹೆ ಕೊಡುತ್ತವೆ.

ಕೊನೆಯದಾಗಿ, ನಿಮ್ಮ ಮಗಳಿಗೆ ಎಂಟು ಅಂದಿದ್ದೀರಲ್ಲ, ಅದು ಮುಖ್ಯ. ಹತ್ತು ವರ್ಷದ ಒಳಗಿನ ಇಬ್ಬರು ಮಕ್ಕಳು, ಗಂಡು ಹೆಣ್ಣು ಆದರೂ, ಒಂದೇ ರೂಮಿನಲ್ಲಿ ಇರಬಹುದು ಅಂತ ಬಹಳಷ್ಟು ಕೌನ್ಸಿಲ್‌ಗಳ ಲೆಕ್ಕ. ಹತ್ತು ತುಂಬಿದ ದಿನದಿಂದ ಅಣ್ಣತಂಗಿಗೋ ಅಕ್ಕತಮ್ಮನಿಗೋ ಬೇರೆ ಬೇರೆ ರೂಮು. ಅಂದರೆ ಈಗ ನಿಮಗೆ ಎರಡು ಬೆಡ್‌ರೂಮಿನ ಲೆಕ್ಕ, ಇನ್ನೆರಡು ವರ್ಷಕ್ಕೆ ಮೂರು. ಮೂರು ಬೆಡ್‌ರೂಮಿನ ಮನೆ ಖಾಲಿಯಾಗೋದು ತೀರಾ ಅಪರೂಪ. ನನ್ನ ಮಗಳಿಗೆ ಹತ್ತು ತುಂಬಲು ನಾಲ್ಕು ತಿಂಗಳಿದ್ದಾಗ ನಮಗೆ ಎರಡು ಬೆಡ್‌ರೂಮಿನದು ಸಿಕ್ಕಿತು. ಈಗ ಮಕ್ಕಳಿಗೆ ಒಂದೊಂದು ರೂಮು, ನಾನು ಹಾಲ್‌ನಲ್ಲಿ ಸೋಫಾ ಮೇಲೆ ಮಲಗುತ್ತೇನೆ. ಅದಕ್ಕೆ ನನಗೇನೂ ಬೇಸರವಿಲ್ಲ, ಗೋಡೆ ಒಣಗಿದೆ, ಮಗ ರಾತ್ರಿ ಕೆಮ್ಮೋದಿಲ್ಲ. ಆದರೆ ನೀವು ಕೌನ್ಸಿಲಿಗೆ ಈಗಲೇ ಒಂದು ಈಮೇಲ್ ಹಾಕಿ. ಮಗಳಿಗೆ ಹತ್ತು ತುಂಬಿದ ಮೇಲೂ ಎರಡು ಬೆಡ್‌ರೂಮಿನ ಮನೆಗೆ ಬಿಡ್ ಮಾಡಲು ಬಿಡುತ್ತೀರಾ ಅಂತ ಕೇಳಿ. ಒಪ್ಪುವ ಕೌನ್ಸಿಲ್‌ಗಳೂ ಇವೆ, ಒಪ್ಪದವೂ ಇವೆ. ಫೋನಿನಲ್ಲಿ ಕೇಳಬೇಡಿ, ಉತ್ತರ ಬರಹದಲ್ಲಿ ನಿಮ್ಮ ಕೈಯಲ್ಲಿರಲಿ.