ಪಾವಗಡದಲ್ಲಿ ಅಷ್ಟು ಸೋಲಾರ್ ಇದ್ದರೂ ಪಂಪ್‌ಸೆಟ್‌ಗೆ ರಾತ್ರಿ ಕರೆಂಟ್ ಯಾಕೆ?

ಅಣ್ಣಾ, ಪಾವಗಡದಲ್ಲಿ ಅಷ್ಟು ದೊಡ್ಡ ಸೋಲಾರ್ ಪಾರ್ಕ್ ಇದ್ದರೂ ನಮಗೆ ಪಂಪ್‌ಸೆಟ್ ಓಡಿಸಲು ಬೇಕಾದ ತ್ರೀ ಫೇಸ್ ಕರೆಂಟ್ ರಾತ್ರಿ ಹೊತ್ತು ಯಾಕೆ ಕೊಡುತ್ತಾರೆ ಅಂತ ಕೇಳಿದ್ದೀರಿ. ಹಾವು, ಚಿರತೆ ಓಡಾಡುವ ಕಡೆ ಬ್ಯಾಟರಿ ಹಿಡಿದು ನೀರು ಕಟ್ಟಲು ಹೋಗುವವರು ಕೇಳಲೇಬೇಕಾದ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ ಇದೆ.

ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಘಟಕಗಳನ್ನು ದಿನಾ ರಾತ್ರಿ ಆರಿಸಿ ಬೆಳಿಗ್ಗೆ ಹೊತ್ತಿಸಲು ಆಗುವುದಿಲ್ಲ. ಊರು ಮಲಗಿದ ಮೇಲೆ ಕರೆಂಟ್ ಉಳಿಯುತ್ತಿತ್ತು, ಅದನ್ನು ಪಂಪ್‌ಸೆಟ್‌ಗೆ ತಿರುಗಿಸಿದರು. ಆ ಕಾಲಕ್ಕೆ ಅದು ಸರಿಯೇ. ಈಗ ಲೆಕ್ಕ ತಿರುಗುಮುರುಗಾಗಿದೆ. ಪಾವಗಡ ಒಂದೇ 2,050 ಮೆಗಾವ್ಯಾಟ್, ರೈತರು ಗುತ್ತಿಗೆಗೆ ಕೊಟ್ಟ ಸುಮಾರು 13,000 ಎಕರೆ. ಮಧ್ಯಾಹ್ನ ಕರೆಂಟ್ ಜಾಸ್ತಿ. ಸಂಜೆ ಹೊತ್ತು ಮುಳುಗುತ್ತಿದ್ದಂತೆ ಸೋಲಾರ್ ಸೊನ್ನೆಗೆ ಇಳಿಯುತ್ತದೆ, ಅದೇ ಹೊತ್ತಿಗೆ ಮನೆಮನೆಯಲ್ಲಿ ಲೈಟು, ಟಿವಿ ಶುರು. ಗ್ರಿಡ್ ಮಾತ್ರ ಯಾವಾಗಲೂ 50 ಹರ್ಟ್ಸ್ ಆಸುಪಾಸಿನಲ್ಲೇ ಇರಬೇಕು, ಅಂದರೆ ಹುಟ್ಟುವ ಕರೆಂಟೂ ಬಳಸುವ ಕರೆಂಟೂ ಸದಾ ಸಮ ಇರಬೇಕು. ಆಗ ಶರಾವತಿ, ವಾರಾಹಿಯ ಜಲವಿದ್ಯುತ್ತೇ ಕೈ ಹಿಡಿಯುವುದು.

ಹಾಗಾದರೆ ಹಗಲೇ ಎಲ್ಲರಿಗೂ ಕೊಡಬಹುದಲ್ವಾ? ತೊಡಕು ಇಲ್ಲೇ ಇದೆ. ದೊಡ್ಡ ಲೈನುಗಳ ಕೆಲಸ ಬಹಳ ಮುಂದೆ ಹೋಗಿದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಮೂಲಕ ದಕ್ಷಿಣದ ಗ್ರಿಡ್ ಇಡೀ ದೇಶದ ಗ್ರಿಡ್‌ಗೆ ಸೇರಿತು. ಹಿಂದೆ ಬಿದ್ದಿರುವುದು ಸಬ್‌ಸ್ಟೇಷನ್‌ನಿಂದ ಊರಿಗೆ, ಹೊಲಕ್ಕೆ ಬರುವ 11 ಕೆವಿ ಲೈನ್, ಅಂದರೆ ಫೀಡರ್, ಮತ್ತು ನಮ್ಮ ಟಿಸಿ (ಟ್ರಾನ್ಸ್‌ಫಾರ್ಮರ್). ನಾಲೆ ತುಂಬಾ ನೀರಿದ್ದರೂ ತೂಬು ಚಿಕ್ಕದಾದರೆ ಗದ್ದೆಗೆ ಎಷ್ಟು ಬಂದೀತು?

ಟಿಸಿ ಲೆಕ್ಕ ನೋಡಿ. ಟಿಸಿ ಎಷ್ಟು ಹೊರೆ ಹೊರುತ್ತದೆ ಅನ್ನುವುದನ್ನು ಕೆವಿಎಯಲ್ಲಿ ಅಳೆಯುತ್ತಾರೆ. 5 ಎಚ್‌ಪಿ ಮೋಟಾರ್ ಒಂದಕ್ಕೆ ಹತ್ತಿರ ಹತ್ತಿರ 6 ಕೆವಿಎ ಬೇಕು. 25 ಕೆವಿಎ ಟಿಸಿ ಅಂಥ ನಾಲ್ಕನ್ನು ಹೊರುತ್ತದೆ. ಅದಕ್ಕೆ ಎಂಟು ಸಿಕ್ಕಿಸಿದರೆ ವೋಲ್ಟೇಜ್ ಬೀಳುತ್ತದೆ, ಮೋಟಾರ್ ಜಾಸ್ತಿ ಆಂಪ್ಸ್ ಎಳೆಯುತ್ತದೆ, ಕೊನೆಗೆ ವೈಂಡಿಂಗ್ ಸುಡುತ್ತದೆ. ಆಟೋ ಸ್ಟಾರ್ಟರ್ ಇನ್ನೂ ತೊಂದರೆ. ಕರೆಂಟ್ ಬಂದ ಕ್ಷಣವೇ ಎಲ್ಲ ಮೋಟಾರ್‌ಗಳೂ ಒಟ್ಟಿಗೆ ಏಳುತ್ತವೆ. ನೇರ ಸ್ಟಾರ್ಟ್ ಆಗುವ ಮೋಟಾರ್ ಏಳುವಾಗ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಫ್ಯೂಸ್ ಹೋಗುತ್ತದೆ, ಇಲ್ಲವೇ ಫೀಡರೇ ಟ್ರಿಪ್. ಆಮೇಲೆ ಲೈನ್‌ಮನ್‌ಗೆ ಬೈದು ಏನು ಪ್ರಯೋಜನ, ಪಾಪ.

ನನ್ನ ಪ್ರಕಾರ ನಮಗೆ ಬೇಕಿರುವುದು ಇನ್ನೊಂದು ಪಾವಗಡ ಅಲ್ಲ. ಸಬ್‌ಸ್ಟೇಷನ್ ಪಕ್ಕದಲ್ಲೇ ಚಿಕ್ಕ ಸೋಲಾರ್ ಘಟಕ ಬೇಕು. ರೈತರ ಪಂಪ್‌ಸೆಟ್‌ಗೆ ಸೋಲಾರ್ ಕೊಡುವ ಕೇಂದ್ರದ ಕುಸುಮ್ ಯೋಜನೆಯ ಸಿ ಭಾಗದಲ್ಲಿ ಇದಕ್ಕೆ ಅವಕಾಶ ಇದೆ. ಫೀಡರ್‌ನ ತಲೆಯಲ್ಲೇ ಹುಟ್ಟಿದ ಕರೆಂಟನ್ನು ಅದೇ ಫೀಡರ್‌ನ ಪಂಪ್‌ಸೆಟ್‌ಗಳು ಹಗಲಲ್ಲೇ ಬಳಸುತ್ತವೆ. ದೂರದ ಲೈನಿನಲ್ಲಿ ಸೋರಿಕೆ ಕಡಿಮೆ. ಪಂಪ್‌ಸೆಟ್ ಹಗಲಿಗೆ ಬಂದಷ್ಟೂ ರಾತ್ರಿಗೆ ಕೂಡಿಡಬೇಕಾದ ಕರೆಂಟೂ ಕಡಿಮೆಯಾಗುತ್ತದೆ. ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ (ಕರೆಂಟ್ ಜಾಸ್ತಿ ಇದ್ದಾಗ ನೀರನ್ನು ಮೇಲೆತ್ತಿ, ಬೇಕಾದಾಗ ಕೆಳಗೆ ಬಿಟ್ಟು ಕರೆಂಟ್ ತೆಗೆಯುವುದು) ಬೇಕೋ, ಕಾಡು ಉಳಿಯಬೇಕೋ ಅನ್ನುವ ಚರ್ಚೆಯಲ್ಲಿ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆ ಕಾಡು ಸಿಂಗಳೀಕಗಳ ಮನೆ, ಸುಮ್ನೆ ಬಿಟ್ಟುಕೊಡುವ ಜಾಗ ಅಲ್ಲ.

ಘಟಕ ಬಂದರೂ ಟಿಸಿ ಹಳೆಯದೇ ಇದ್ದರೆ ಸುಖವಿಲ್ಲ. ಹಾಗಾಗಿ ಈಗಲೇ ಮಾಡಬಹುದಾದದ್ದು: 5 ಎಚ್‌ಪಿಗೆ 2 ಕೆವಿಎಆರ್ (ಕೆಪಾಸಿಟರ್‌ನ ಅಳತೆ) ಕೆಪಾಸಿಟರ್ ಹಾಕಿಸಿ, ವೋಲ್ಟೇಜ್ ಸುಧಾರಿಸುತ್ತದೆ. ಒಬ್ಬರೇ ಹಾಕಿಸಿದರೆ ಗೊತ್ತಾಗದು, ಟಿಸಿಯವರೆಲ್ಲ ಹಾಕಿಸಬೇಕು. ಆಟೋ ಸ್ಟಾರ್ಟರ್ ತೆಗೆಸಿ. ಆಗದಿದ್ದರೆ ಒಬ್ಬೊಬ್ಬರದು ಎರಡು ಮೂರು ನಿಮಿಷ ಹಿಂದೆಮುಂದೆ ಏಳುವ ಹಾಗೆ ಟೈಮರ್ ಹಾಕಿಸಿ. ವಿದ್ಯುತ್ ಕಚೇರಿಗೆ ಒಬ್ಬರೇ ಹೋಗಬೇಡಿ. ಒಂದೇ ಫೀಡರ್‌ನವರು ಸೇರಿ ಲಿಖಿತವಾಗಿ ಕೇಳಿ: ನಮ್ಮ ಫೀಡರ್ ಊರಿನ ಲೈನಿನಿಂದ ಬೇರೆ ಆಗಿದೆಯಾ? ಈ ಸಬ್‌ಸ್ಟೇಷನ್‌ಗೆ ಸೋಲಾರ್ ಘಟಕ ಮಂಜೂರಾಗಿದೆಯಾ? ಜಾಗದ ಕೊರತೆ ಅಂದರೆ ಹತ್ತಿರದ ಸರ್ಕಾರಿ ಜಮೀನಿನ ಸರ್ವೆ ನಂಬರ್ ಕೊಡಿ. ಅರ್ಜಿಗೆ ಸ್ವೀಕೃತಿ ಪಡೆಯುವುದು ಮರೆಯಬೇಡಿ.

ನಿಮ್ಮ ಟಿಸಿ ಎಷ್ಟು ಕೆವಿಎ, ಅದರ ಮೇಲೆ ಎಷ್ಟು ಎಚ್‌ಪಿಯ ಎಷ್ಟು ಮೋಟಾರ್ ಇವೆ ಅಂತ ಇಲ್ಲೇ ಹಾಕಿ, ಲೆಕ್ಕ ನೋಡೋಣ.