ಆರು ವರ್ಷ ಶೆಡ್ಡಲ್ಲಿ ನಿಂತ ಮಾರುತಿ 800: ಬೋರ್ ಮಾಡ್ಸೋ ಮುಂಚೆ ಇಷ್ಟು ನೋಡಿ

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಅಪ್ಪಾಜಿ 1997ರಲ್ಲಿ ತಗೊಂಡಿದ್ದ ಮಾರುತಿ 800, ಕಾರ್ಬುರೇಟರ್ ಗಾಡಿ, ತೀರ್ಥಹಳ್ಳಿ ಹತ್ರ ನಮ್ಮೂರಲ್ಲಿ ಅಡಿಕೆ ಅಂಗಳದ ಪಕ್ಕದ ಶೆಡ್ಡಲ್ಲಿದೆ. 2019ರಲ್ಲಿ ಅಪ್ಪಾಜಿ ಹೋದ್ಮೇಲೆ ಯಾರೂ ಅದನ್ನ ಮುಟ್ಟಿಲ್ಲ. ಮೊನ್ನೆ ಊರಿಗೆ ಹೋದಾಗ ಹೊಸ ಬ್ಯಾಟರಿ ಹಾಕ್ಸಿದೆ, ಸೆಲ್ಫ್ ಹೊಡೀತದೆ, ಇಂಜಿನ್ ತಿರುಗ್ತದೆ, ಹಿಡ್ಕೊಳ್ಳಲ್ಲ. ಮೆಕ್ಯಾನಿಕ್ ಬಂದು ಪ್ಲಗ್ ಬಿಚ್ಚಿ ಬೆರಳಿಟ್ಟು ನೋಡಿ ಕಂಪ್ರೆಷನ್ನೇ ಇಲ್ಲ, ಬೋರ್ ಮಾಡಿಸ್ಬೇಕು, ಇಲ್ಲಾಂದ್ರೆ ಗುಜರಿಗೆ ಹಾಕ್ಬಿಡಿ ಅಂದ್ರು. ಚಿಕ್ಕಪ್ಪ ಮನೆ ಮುಂದಿನ ಇಳಿಜಾರಲ್ಲಿ ಸೆಕೆಂಡ್ ಗೇರಿಗೆ ಹಾಕಿ ತಳ್ಳೋಣ ಅಂತಿದಾರೆ. ಗುಜರಿಗೆ ಮಾತ್ರ ಹಾಕ್ಬೇಡ ಅಂತ ಅಮ್ಮ. ಟ್ಯಾಂಕ್ ಮುಚ್ಚಳ ತೆಗೆದ್ರೆ ಪೇಂಟ್ ತರ ವಾಸನೆ ಬರ್ತದೆ. ಏನ್ ಮಾಡ್ಲಿ?

ಉತ್ತರ: ಮೊದಲನೇದಾಗಿ ಬೀಗದ ಕೈ ಯಾರ ಕೈಗೂ ಸಿಗದ ಹಾಗೆ ಎತ್ತಿಡಿ, ಇನ್ನೊಂದ್ಸಲ ಸೆಲ್ಫ್ ಹೊಡೀಬೇಡಿ. ವರ್ಷಗಟ್ಲೆ ನಿಂತ ಗಾಡಿ ನಿಂತಿದ್ದಕ್ಕಿಂತ ಜಾಸ್ತಿ ಹಾಳಾಗೋದು ಸ್ಟಾರ್ಟ್ ಮಾಡ್ತೀವಿ ಅಂತ ಹೊರಟ ಮೊದಲ ಅರ್ಧ ಗಂಟೇಲಿ, ಇದನ್ನ ನಾನು ಗ್ಯಾರೇಜಲ್ಲಿ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ. ಒಣಗಿರೋ ಪಿಸ್ಟನ್ ರಿಂಗು ತುಕ್ಕು ಕಟ್ಟಿರೋ ಸಿಲಿಂಡರ್ ಗೋಡೆ ಮೇಲೆ ಉಜ್ತಾ ಹೋಗ್ತದೆ, ನೀವು ಹೊಡೆದಷ್ಟೂ ಗೀರು ಬೀಳ್ತದೆ.

ಕಂಪ್ರೆಷನ್, ಅಂದ್ರೆ ಸಿಲಿಂಡರ್ ಒಳಗೆ ಗಾಳಿಯ ಒತ್ತಡ, ಇಲ್ಲ ಅಂದಿದ್ದಕ್ಕೆ ಗಾಬರಿ ಆಗ್ಬೇಡಿ. ಮೆಕ್ಯಾನಿಕ್ ಸುಳ್ಳು ಹೇಳಿಲ್ಲ, ಬೆರಳಿಗೆ ಗಾಳಿ ಒತ್ತಿರಲ್ಲ, ಆದ್ರೆ ಅದರಿಂದ ನೇರವಾಗಿ ಬೋರಿಗೆ, ಅಂದ್ರೆ ಸಿಲಿಂಡರ್ ಗೋಡೆ ಕೊರೆಸೋದಕ್ಕೆ, ಹೋಗೋದು ಆತುರ ಆಯ್ತು. ರಿಂಗಿಗೂ ಗೋಡೆಗೂ ಮಧ್ಯೆ ಆಯಿಲ್ಲಿನ ಒಂದು ತೆಳು ಪದರ ಇದ್ರೇನೇ ಗಾಳಿ ಹಿಡಿಯೋದು, ಆರು ವರ್ಷದಲ್ಲಿ ಆ ಆಯಿಲ್ ಪೂರ್ತಿ ಕೆಳಗೆ ಇಳ್ದು ಹೋಗಿರ್ತದೆ, ಉಳಿದಿದ್ದ ಚೂರುಪಾರನ್ನ ನೀವು ಸೆಲ್ಫ್ ಹೊಡೆದಾಗ ಒಳಗೆ ಹೋದ ಪೆಟ್ರೋಲ್ ತೊಳೆದುಬಿಟ್ಟಿರ್ತದೆ. ಮೂರೂ ಪ್ಲಗ್ ಬಿಚ್ಚಿ ಒಂದೊಂದು ತೂತಿಗೂ ಒಂದೊಂದು ಟೀ ಚಮಚ ಇಂಜಿನ್ ಆಯಿಲ್ ಬಿಡಿ, ರಾತ್ರಿ ಪೂರ್ತಿ ಹಾಗೇ ಇರ್ಲಿ. ಪ್ಲಗ್ ತೂತಿನ ಸುತ್ತ ಇರೋ ಮಣ್ಣು ಕಸ ಬಿಚ್ಚೋಕೆ ಮುಂಚೇನೇ ಊದಿ ತೆಗೀರಿ, ಒಳಗೆ ಬಿದ್ರೆ ಕಷ್ಟ.

ಹಾಂ, ಅದಕ್ಕೂ ಮುಂಚೆ ಒಂದು ಮಾತು. ಮಲೆನಾಡಿನ ಶೆಡ್ಡು, ಬಾನೆಟ್ ಎತ್ತಿದ ಕೂಡ್ಲೇ ಕೈ ಹಾಕ್ಬೇಡಿ, ಟಾರ್ಚ್ ಬಿಟ್ಟು ಕೋಲಿಂದ ತಟ್ಟಿ ನೋಡಿ. ಇಲಿ ಗೂಡು ಕಟ್ಟಿದ್ರೆ ಇಲಿ ಹುಡುಕ್ಕೊಂಡು ಹಾವೂ ಬಂದಿರ್ತದೆ. ಒಂದ್ಸಲ ಏರ್ ಫಿಲ್ಟರ್ ಡಬ್ಬಿ ಮುಚ್ಚಳ ತೆಗೆದಾಗ ಒಳಗೆ ಸೀಟಿನ ಸ್ಪಂಜು, ಅಡಿಕೆ ಸಿಪ್ಪೆ, ಗೋಣಿಚೀಲದ ನಾರು ಎಲ್ಲ ಸೇರ್ಸಿ ಅಚ್ಚುಕಟ್ಟಾಗಿ ಮಾಡಿದ ಗೂಡು ನೋಡಿದ್ದೆ, ಕಣ್ಣು ಬಿಡದ ಮೂರು ಮರಿ ಅದರಲ್ಲಿ. ಅಂಥ ಗಾಡಿಗೆ ಸೆಲ್ಫ್ ಹೊಡೆದ್ರೆ ಆ ನಾರೆಲ್ಲ ಕಾರ್ಬುರೇಟರ್ ಒಳಗೇ ಹೋಗೋದು. ಫಿಲ್ಟರ್ ಡಬ್ಬಿ ನೋಡಿ, ಸೈಲೆನ್ಸರ್ ಬಾಯಿ ನೋಡಿ, ವೈರಿಂಗ್ ಪೂರ್ತಿ ಕಣ್ಣಾಡ್ಸಿ, ತಾಮ್ರ ಕಾಣೋ ಕಡೆ ಎಲ್ಲ ಇಲಿ ಕಡಿದಿದೆ ಅಂತ ಅರ್ಥ.

ಮಾರನೇ ದಿನ ಪ್ಲಗ್ ಬಿಚ್ಚಿರೋ ಹಾಗೇ ಗಾಡಿನ ಸಮತಟ್ಟು ಜಾಗದಲ್ಲಿ ನಾಲ್ಕನೇ ಗೇರಿಗೆ ಹಾಕಿ ಮೆಲ್ಲಗೆ ಹಿಂದೆ ಮುಂದೆ ಅಲ್ಲಾಡ್ಸಿ. ಸಲೀಸಾಗಿ ಹೋದ್ರೆ ಇಂಜಿನ್ ಜಾಮ್ ಆಗಿಲ್ಲ ಅಂತ. ಗಾಡಿ ಜರುಗದೇ ಇದ್ರೆ ಮೊದಲು ನ್ಯೂಟ್ರಲ್ಲಿಗೆ ಹಾಕಿ ತಳ್ಳಿ ನೋಡಿ, ಹ್ಯಾಂಡ್‌ಬ್ರೇಕ್ ಎಳೆದಿಟ್ಟು ಹೋಗಿದ್ರೆ ಹಿಂದಿನ ಬ್ರೇಕ್ ಶೂ ಡ್ರಮ್ಮಿಗೆ ಕಚ್ಕೊಂಡಿರ್ತದೆ, ಅದನ್ನ ಇಂಜಿನ್ ಜಾಮ್ ಅಂತ ತಪ್ಪು ತಿಳ್ಕೊಳ್ಳೋರು ಬಹಳ ಜನ. ಆಮೇಲೆ ಕಿಡಿ ಬರದ ಹಾಗೆ ಕಾಯಿಲ್ ವೈರ್ ಕಿತ್ತಿಟ್ಟು, ಪ್ಲಗ್ ತೂತಿನ ಮೇಲೆ ಬಟ್ಟೆ ಹಾಕಿ, ಐದು ಸೆಕೆಂಡ್ ಸೆಲ್ಫ್ ಹೊಡೀರಿ, ಜಾಸ್ತಿ ಆದ ಆಯಿಲ್ ಆಚೆ ಚಿಮ್ಮಿ ಬರ್ತದೆ. ಈಗ ಕಂಪ್ರೆಷನ್ ಗೇಜ್ ಹಾಕ್ಸಿ ನೋಡಿ, ಬೆರಳಲ್ಲ, ಗೇಜ್. ಮೂರು ಸಿಲಿಂಡರೂ ಚೆನ್ನಾಗಿ, ಒಂದಕ್ಕೊಂದು ಹತ್ರ ಹತ್ರ ತೋರ್ಸಿದ್ರೆ ಬೋರ್ ಮಾತು ಅಲ್ಲಿಗೇ ಬಿಡಿ. ಒಂದು ಮಾತ್ರ ಸೊನ್ನೆ ತೋರ್ಸಿದ್ರೆ ವಾಲ್ವ್ ತುಕ್ಕಿಗೆ ಅಂಟ್ಕೊಂಡು ತೆರೆದೇ ನಿಂತಿರಬಹುದು, ಮೇಲಿನ ಕವರ್ ಬಿಚ್ಚಿ ಇಂಜಿನ್ ತಿರುಗ್ಸಿದ್ರೆ ಯಾವುದು ಅಲ್ಲಾಡ್ತಿಲ್ಲ ಅಂತ ಕಣ್ಣಿಗೇ ಕಾಣ್ತದೆ. ಮೂರೂ ಸೊನ್ನೆ ಅಂದ್ರೆ ಡಿಸ್ಟ್ರಿಬ್ಯೂಟರ್ (ಕಿಡಿಯ ಕರೆಂಟನ್ನ ಪ್ಲಗ್ಗಿಗೆ ಹಂಚೋ ಪಾರ್ಟ್) ಕ್ಯಾಪ್ ತೆಗೆದು ಸೆಲ್ಫ್ ಹೊಡೆಸಿ ಒಳಗಿನ ರೋಟರ್ ತಿರುಗ್ತದಾ ನೋಡಿ, ಯಾಕಂದ್ರೆ ಈ ಗಾಡೀಲಿ ಡಿಸ್ಟ್ರಿಬ್ಯೂಟರ್ ತಿರುಗೋದು ಕ್ಯಾಮ್‌ಶಾಫ್ಟಿಂದ, ವಾಲ್ವ್ ತೆರೆಯೋ ಆ ಶಾಫ್ಟನ್ನ ತಿರುಗ್ಸೋದು ಟೈಮಿಂಗ್ ಬೆಲ್ಟು, ರೋಟರ್ ಸುಮ್ನೆ ನಿಂತಿದೆ ಅಂದ್ರೆ ಆ ಬೆಲ್ಟ್ ಹರಿದಿದೆ. ಹರಿದಿಲ್ಲ ಅಂದ್ರೂ ರೋಡಿಗೆ ಇಳಿಸೋ ಮುಂಚೆ ಆ ಬೆಲ್ಟ್ ಬದಲಾಯ್ಸಿ, ರಬ್ಬರಿನ ವಸ್ತು, ಓಡದೇ ಇದ್ರೂ ವಯಸ್ಸಾಗ್ತದೆ.

ಇನ್ನು ಆ ಪೇಂಟ್ ವಾಸನೆ. ನಿಮ್ಮ ಗಾಡಿಯ ನಿಜವಾದ ಕಾಯಿಲೆ ಅದೇ ಅಂತ ನನಗೆ ಅನ್ಸತ್ತೆ. ಪೆಟ್ರೋಲ್ ಕೆಲವು ತಿಂಗಳು ನಿಂತ್ರೇನೇ ಅದರಲ್ಲಿ ಬೇಗ ಹೊತ್ಕೊಳ್ಳೋ ಅಂಶ ಆವಿಯಾಗಿ ಹೋಗಿ ಉಳಿದಿದ್ದು ಗಟ್ಟಿಯಾಗಿ ಅಂಟು ಆಗ್ತದೆ, ನಿಮ್ದು ಆರು ವರ್ಷದ್ದು. ಅದರಲ್ಲಿರೋ ಎಥನಾಲ್ ಗಾಳಿಯಲ್ಲಿರೋ ತೇವ ಹೀರ್ಕೊಳ್ಳತ್ತೆ, ನಿಮ್ಮ ಕಡೆ ಮಳೆಗಾಲ ಅಂದ್ರೆ ಕೇಳ್ಬೇಕಾ, ನೀರು ಜಾಸ್ತಿ ಆದಾಗ ಎಥನಾಲೂ ನೀರೂ ಸೇರಿ ಪೆಟ್ರೋಲಿಂದ ಬೇರೆಯಾಗಿ ತಳಕ್ಕೆ ಇಳಿತವೆ, ತಗಡಿನ ಟ್ಯಾಂಕಿಗೆ ಅಲ್ಲೇ ತುಕ್ಕು ಶುರು. ಸ್ವಲ್ಪ ಹಳೇದನ್ನ ಗಾಜಿನ ಬಾಟಲಿಗೆ ಹಾಕಿ ಅರ್ಧ ಗಂಟೆ ಬಿಡಿ, ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ರೆ, ತಳದಲ್ಲಿ ಇನ್ನೊಂದು ಪದರ ಕಂಡ್ರೆ, ಅದಕ್ಕೆ ಹೊಸ ಪೆಟ್ರೋಲ್ ಬೆರೆಸಿ ಪ್ರಯೋಜನ ಇಲ್ಲ. ಟ್ಯಾಂಕ್ ಇಳ್ಸಿ ಪೂರ್ತಿ ಖಾಲಿ ಮಾಡಿ ತೊಳೆಸ್ಬೇಕು. ತೆಗೆದಿದ್ದನ್ನ ದಯವಿಟ್ಟು ತೋಟಕ್ಕೋ ಹಳ್ಳಕ್ಕೋ ಚೆಲ್ಬೇಡಿ, ನಿಮ್ಮ ಬಾವಿ ನೀರಿಗೇ ಬರೋದು ಅದು.

ಟ್ಯಾಂಕ್ ಕೆಲಸ ಮುಗಿಯೋವರೆಗೂ ಕಾಯ್ಬೇಕಾಗಿಲ್ಲ, ಬಾಟಲಿ ಕಟ್ಟಿ ಸ್ಟಾರ್ಟ್ ಮಾಡಬಹುದು. ಗಾಡಿನ ಮೊದಲು ಶೆಡ್ಡಿಂದ ಆಚೆ ತಳ್ಳಿ, ಒಳಗೆ ಹೊಗೆ ತುಂಬಿದ್ರೆ ಜೀವಕ್ಕೇ ಅಪಾಯ. ಮೊದಲು ಕಿಡಿ ನೋಡ್ಕೊಳ್ಳಿ, ಪೆಟ್ರೋಲ್ ಆಮೇಲೆ, ಈ ಕ್ರಮ ತಪ್ಪಿಸ್ಬೇಡಿ. ಕಾಯಿಲ್ ವೈರ್ ವಾಪಸ್ ಸಿಕ್ಸಿ, ಒಂದು ಪ್ಲಗ್ಗನ್ನ ಅದರ ವೈರಿಗೆ ಸಿಕ್ಸಿ ಇಂಜಿನ್ ಮೈಗೆ ತಾಗೋ ಹಾಗಿಟ್ಟು, ಪ್ಲಗ್ ತೂತಿಂದ ದೂರ, ಸೆಲ್ಫ್ ಹೊಡೆಸಿ. ಚಟ್ ಚಟ್ ಅಂತ ನೀಲಿ ಕಿಡಿ ಬಂದ್ರೆ ಸರಿ. ಹಳದಿಯಾಗಿ ಸೊರಗಿದ ಕಿಡಿ ಬಂದ್ರೆ ಅಥವಾ ಬರದೇ ಇದ್ರೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗೆ ನೋಡಿ, ತೇವಕ್ಕೆ ಬಿಳಿ ಹಸಿರು ಬೂಷ್ಟು ಕಟ್ಟಿರತ್ತೆ, ಒರೆಸಿ ಒಣಗ್ಸಿ. ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗೆ ಕಿಡಿಗಾಗಿ ಕರೆಂಟ್ ಕಡಿದು ಕೂಡ್ಸೋ ಪುಟ್ಟ ಸ್ವಿಚ್) ಇರೋ ಗಾಡಿಯಾದ್ರೆ ಪಾಯಿಂಟ್ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಕಿಲುಬು ಕೂತ್ರೂ ಕರೆಂಟ್ ದಾಟಲ್ಲ. ಒಬ್ರು ಅಂಬಾಸಿಡರ್ ಗಾಡಿನ ಟ್ರಾಕ್ಟರಿಗೆ ಕಟ್ಟಿ ಎಳ್ಕೊಂಡು ಬಂದಿದ್ರು, ಎರಡು ಕಡೆ ತೋರ್ಸಿ ಕಾಯಿಲ್ಲು, ಪ್ಲಗ್ಗು, ಬ್ಯಾಟರಿ ಎಲ್ಲ ಹೊಸದು ಹಾಕ್ಸಿದ್ರು, ನಾನು ನುಣ್ಣನೆ ಎಮೆರಿ ಪೇಪರ್ ಒಂದು ಚೂರು ಮಡಚಿ ಪಾಯಿಂಟ್ ಮಧ್ಯೆ ನಾಲ್ಕು ಸಲ ಎಳೆದು, ಆಮೇಲೆ ಶುಭ್ರವಾದ ಕಾಗದ ಎಳೆದು ಪುಡಿ ತೆಗೆದೆ, ಅಷ್ಟೇ, ಎರಡನೇ ಹೊಡೆತಕ್ಕೆ ಹಿಡ್ಕೊಂಡ್ತು.

ಕಿಡಿ ಇದೆ ಅಂತ ಆದ್ಮೇಲೆ ಕಾರ್ಬುರೇಟರ್. ಬಿಚ್ಚಿಸ್ಲೇಬೇಕು, ಮೇಲಿಂದ ಸ್ಪ್ರೇ ಹೊಡೆದ್ರೆ ಆಗಲ್ಲ. ಪೆಟ್ರೋಲ್ ನಿಲ್ಲೋ ಫ್ಲೋಟ್ ಬೌಲ್ ತಳದಲ್ಲಿ ಬೆಲ್ಲದ ಪಾಕ ಒಣಗಿದ ಹಾಗೆ ಕಂದು ಬಣ್ಣದ ಪದರ ಕೂತಿರ್ತದೆ, ಪೆಟ್ರೋಲ್ ಹಾಯೋ ಜೆಟ್‌ಗಳ ತೂತು ಬಹಳ ಸಣ್ಣದು, ಅಲ್ಲಿ ಒಂದು ಕಣ ಕೂತ್ರೂ ಗಾಡಿ ಹಿಡಿಯಲ್ಲ ಅಥವಾ ಹಿಡಿದು ಆಫ್ ಆಗ್ತದೆ. ಕ್ಲೀನರಲ್ಲಿ ನೆನೆಸಿ ಗಾಳಿ ಹೊಡೀಬೇಕು, ತಂತಿ ತೂರ್ಸಕ್ಕೆ ಬಿಡ್ಬೇಡಿ, ತೂತು ದೊಡ್ಡದಾದ್ರೆ ಮೈಲೇಜ್ ಹೋಯ್ತು. ಐಡಲ್ ಸೊಲೆನಾಯ್ಡ್ ಅಂತ ಒಂದು ವೈರ್ ಇರೋ ಪುಟ್ಟ ಪಾರ್ಟ್ ಇದೆ, ಬೀಗ ಆನ್ ಮಾಡಿದಾಗ ಟಕ್ ಅಂತ ಸದ್ದು ಬರ್ಬೇಕು ಅದರಿಂದ. ಪೆಟ್ರೋಲ್ ಪೈಪೆಲ್ಲ ಹೊಸದೇ ಹಾಕ್ಸಿ, ಈಗ ಬಂಕಲ್ಲಿ ಸಿಗೋದು ನೂರಕ್ಕೆ 20 ಭಾಗ ಎಥನಾಲ್ ಇರೋ ಪೆಟ್ರೋಲು, 1997ರ ರಬ್ಬರಿಗೆ ಅದನ್ನ ತಡ್ಕೊಳ್ಳೋ ಶಕ್ತಿ ಇಲ್ಲ. ಗಾಡೀಲಿರೋ ಪೆಟ್ರೋಲ್ ಪಂಪ್ ಒಳಗಿನ ರಬ್ಬರೂ ಗಟ್ಟಿಯಾಗಿ ಬಿರುಕು ಬಿಟ್ಟಿರ್ತದೆ, ಅದು ಇಂಜಿನ್ ಆಯಿಲ್ಲಿಗೆ ಪೆಟ್ರೋಲ್ ಇಳಿಸ್ತದೆ. ಆಯಿಲ್ ಮಟ್ಟ ನೋಡೋ ಡಿಪ್‌ಸ್ಟಿಕ್ ಮೂಸಿ ನೋಡಿ, ಪೆಟ್ರೋಲ್ ವಾಸನೆ ಬಂದ್ರೆ ಪಂಪ್ ಬದಲಾಯ್ಸಿ. ಆಯಿಲ್ಲು, ಆಯಿಲ್ ಫಿಲ್ಟರ್ ಹೇಗೂ ಹೊಸದು ಹಾಕ್ಬೇಕು, ಸ್ಟಾರ್ಟ್ ಮಾಡೋಕೆ ಮುಂಚೇನೇ. ರೇಡಿಯೇಟರ್ ನೀರೂ ನೋಡಿ.

ಈಗ ಪ್ಲಗ್ಗೆಲ್ಲ ವಾಪಸ್ ಹಾಕಿ ಬಿಗಿ ಮಾಡಿ, ವೈರ್ ಸಿಕ್ಸಿ. ಬಾಟಲಿಗೆ ಅರ್ಧ ಲೀಟರ್ ಹೊಸ ಪೆಟ್ರೋಲ್, ಪಂಪಿಗೆ ಬರೋ ಪೈಪಿಗೆ ಜೋಡ್ಸಿ ಭದ್ರವಾಗಿ ಕಟ್ಟಿ, ಬಿಸಿಯಾಗೋ ಸೈಲೆನ್ಸರ್ ಪೈಪಿಂದ ದೂರ ಇರ್ಲಿ. ಕಾರ್ಬುರೇಟರ್ ಬಾಯಿಗೆ ಪೆಟ್ರೋಲ್ ಸುರಿದು ಸೆಲ್ಫ್ ಹೊಡೆಯೋ ಅಭ್ಯಾಸ ಕೆಲವ್ರಿಗಿದೆ, ಬ್ಯಾಕ್‌ಫೈರ್ ಆಗಿ ಮುಖ ಸುಟ್ಕೊಂಡೋರನ್ನ ನಾನು ಕಣ್ಣಾರೆ ನೋಡಿದೀನಿ, ಖಂಡಿತ ಬೇಡ. ಏರ್ ಫಿಲ್ಟರ್ ಡಬ್ಬಿ ಮುಚ್ಚಿರ್ಲಿ, ಪಕ್ಕದಲ್ಲಿ ಬೆಂಕಿ ಆರಿಸೋ ಸಿಲಿಂಡರ್ ಅಥವಾ ಒಂದು ಬುಟ್ಟಿ ಮರಳು ಇರ್ಲಿ. ಚೋಕ್ ಎಳೆದು ಐದಾರು ಸೆಕೆಂಡ್ ಹೊಡೀರಿ, ಅರ್ಧ ನಿಮಿಷ ಬಿಡಿ, ಮತ್ತೆ ಹೊಡೀರಿ. ಹಿಡ್ಕೊಂಡಾಗ ಆಯಿಲ್ ಲೈಟ್ ಕೆಲವೇ ಸೆಕೆಂಡಲ್ಲಿ ಆರ್ಬೇಕು, ಆರ್ಲಿಲ್ಲ ಅಂದ್ರೆ ತಕ್ಷಣ ಆಫ್ ಮಾಡಿ. ಮೊದಲು ನೀಲಿ ಹೊಗೆ ದಟ್ಟವಾಗಿ ಬರತ್ತೆ, ನೀವೇ ಹಾಕಿದ ಆಯಿಲ್ ಸುಡ್ತಿರೋದು ಅದು, ಹತ್ತು ಹದಿನೈದು ನಿಮಿಷದಲ್ಲಿ ತಿಳಿಯಾಗ್ಬೇಕು.

ಚಿಕ್ಕಪ್ಪನವರಿಗೆ ಹೇಳಿ, ಇಳಿಜಾರಲ್ಲಿ ತಳ್ಳೋದು ಮಾತ್ರ ಬೇಡ. ಆರು ವರ್ಷದ ಬ್ರೇಕ್ ಆಯಿಲ್ ನೀರು ಹೀರ್ಕೊಂಡಿರ್ತದೆ, ವೀಲ್ ಸಿಲಿಂಡರ್ ತುಕ್ಕು ಹಿಡಿದಿರ್ತದೆ, ಪೆಡಲ್ ಒತ್ತಿದ್ರೆ ನೆಲಕ್ಕೆ ಹೋಗಬಹುದು, ಬ್ರೇಕಿಗೆ ಬಲ ಕೊಡೋ ಬೂಸ್ಟರ್ ಇದ್ರೂ ಇಂಜಿನ್ ಓಡದೇ ಅದು ಕೆಲಸ ಮಾಡಲ್ಲ. ಇಂಜಿನ್ ಹಿಡ್ಕೊಂಡ ಖುಷೀಲಿ ಹಾಗೇ ರೋಡಿಗೆ ಇಳಿಸ್ಬೇಡಿ. ನಾಲ್ಕೂ ಚಕ್ರ ಬಿಚ್ಚಿ ಬ್ರೇಕ್ ಕೆಲಸ ಮುಗಿಸಿ, ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರ್ತದೆ, 2314 ಅಂತಿದ್ರೆ 2014ನೇ ಇಸವಿಯ 23ನೇ ವಾರದಲ್ಲಿ ತಯಾರಾಗಿದ್ದು ಅಂತ, ಅಷ್ಟು ಹಳೇದಾದ್ರೆ ಟೈರ್ ಸವೆಯದೇ ಚೆನ್ನಾಗಿದ್ರೂ ನಂಬ್ಬೇಡಿ. ಆರ್‌ಸಿ ಅಪ್ಪಾಜಿ ಹೆಸರಲ್ಲೇ ಇದ್ರೆ ವರ್ಗಾವಣೆ ಆಗ್ಬೇಕು, 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ನೋಂದಣಿ ನವೀಕರಣನೂ ಆಗ್ಬೇಕು, ಆರ್‌ಟಿಓ ಕೆಲಸ ಈಗಲೇ ಶುರು ಮಾಡ್ಕೊಳ್ಳಿ. ಅಮ್ಮನಿಗೆ ಹೇಳಿ, ನೀವು ಬರೆದಿರೋದ್ರಲ್ಲಿ ಗುಜರಿಗೆ ಹಾಕೋ ಅಂಥದ್ದು ಒಂದೂ ನನಗೆ ಕಾಣ್ತಿಲ್ಲ.

ಪ್ರಶ್ನೆ: ನಾನು ದುಬೈನಲ್ಲಿದೀನಿ, ಮೈಸೂರು ಮನೇಲಿ ವ್ಯಾಗನ್ ಆರ್ ಪೆಟ್ರೋಲ್ ಗಾಡಿ 14 ತಿಂಗಳಿಂದ ನಿಂತಿದೆ. ತಮ್ಮ ಸ್ಟಾರ್ಟ್ ಮಾಡಕ್ಕೆ ಹೋದ್ರೆ ಟಕ್ ಟಕ್ ಟಕ್ ಅಂತ ಮಾತ್ರ ಬರ್ತಿದೆಯಂತೆ. ಮೇಲಿನ ಹಾಗೇ ಎಲ್ಲ ಬಿಚ್ಚಿಸ್ಬೇಕಾ?

ಉತ್ತರ: ಬೇಡ. ಟಕ್ ಟಕ್ ಅನ್ನೋದು ಬ್ಯಾಟರಿ ಇಳಿದಿರೋ ಸದ್ದು. ತಮ್ಮನ ಹತ್ರ ಮೀಟರ್ ಇಟ್ಟು ನೋಡಕ್ಕೆ ಹೇಳಿ, ಸುಮ್ನೆ ಇರುವಾಗ 12.6 ವೋಲ್ಟ್ ಹತ್ರ ಇರ್ಬೇಕು. ಟರ್ಮಿನಲ್ ಮೇಲೆ ಬಿಳಿ ಪುಡಿ ಕಟ್ಟಿದ್ರೆ ಬಿಸಿನೀರಲ್ಲಿ ತೊಳೆದು, ಇಂಜಿನ್ನಿಗೆ ಹೋಗೋ ಅರ್ತ್ ವೈರಿನ ಬೋಲ್ಟ್ ಬಿಚ್ಚಿ ಉಜ್ಜಿ ಮತ್ತೆ ಬಿಗಿ ಮಾಡ್ಲಿ, ಹೊಸ ಬ್ಯಾಟರಿ ಹಾಕಿದ್ರೂ ಟಕ್ ಟಕ್ ನಿಲ್ಲದೇ ಇರೋ ಗಾಡಿಗಳಲ್ಲಿ ಸುಮಾರು ಸಲ ಇದೇ ಕಾರಣ. ನಿಮ್ದು ಕಾರ್ಬುರೇಟರ್ ಇಲ್ಲದ ಇಂಜೆಕ್ಷನ್ ಗಾಡಿ, ಬ್ಯಾಟರಿ ಸರಿಹೋದ್ಮೇಲೆ ಬೀಗ ಆನ್ ಮಾಡಿ ಸೆಲ್ಫ್ ಹೊಡೀದೇ ಹಿಂದಿನ ಸೀಟ್ ಹತ್ರ ಕಿವಿ ಕೊಟ್ಟು ಕೇಳ್ಬೇಕು, ಎರಡು ಸೆಕೆಂಡ್ ಗುಂಯ್ ಅಂತ ಪೆಟ್ರೋಲ್ ಪಂಪ್ ಸದ್ದು ಬಂದ್ರೆ ಹತ್ತು ಲೀಟರ್ ಹೊಸ ಪೆಟ್ರೋಲ್ ಹಾಕಿ ಸ್ಟಾರ್ಟ್ ಮಾಡ್ಲಿ. ಸದ್ದೇ ಬರ್ಲಿಲ್ಲ ಅಂದ್ರೆ ಮೊದಲು ಫ್ಯೂಸ್ ನೋಡ್ಲಿ. ಸ್ಟಾರ್ಟ್ ಆದ್ಮೇಲೆ ಸುಮ್ನೆ ನಿಲ್ಸಿ ಐದು ನಿಮಿಷ ಓಡ್ಸಿ ಆಫ್ ಮಾಡೋದ್ರಿಂದ ಬ್ಯಾಟರಿ ತುಂಬಲ್ಲ, ಬ್ರೇಕ್ ಹಿಡಿತಿದೆಯಾ ಅಂತ ಮನೆ ಮುಂದೇನೇ ಒತ್ತಿ ನೋಡ್ಕೊಂಡು, ಟೈರಿಗೆ ಗಾಳಿ ತುಂಬ್ಸಿ ರಿಂಗ್ ರೋಡಲ್ಲಿ ಅರ್ಧ ಗಂಟೆ ಓಡ್ಸಿ ಬರ್ಲಿ, ಆಮೇಲೆ ಹದಿನೈದು ದಿನಕ್ಕೊಂದ್ಸಲ.